ಜ್ವರ ಬಿಟ್ಟವನ ಸ್ನಾನ

ಬೆಲ್ಲ ನೀರಿನ ತಟ್ಟೆ ಹಿಡಿದು ಕಾಂತಿ ಚಾವಡಿಗೆ ಬಂದಳು. ತನ್ನನ್ನು ನೋಡಲು ಬಂದ ಹುಡುಗನ ಮುಖವನ್ನು ಒಮ್ಮೆ ನೋಡಿಬಿಡಬೇಕೆಂದು ರೆಪ್ಪೆ ಎತ್ತಿದಳು.

ಅವನೂ ನೋಡಿದ. ನಕ್ಕ. ನೀರಿಗೆ ಕೈ ಚಾಚಿದ... ಹಾಗೆಯೇ ಬೆಂಚಿನಿಂದ ಜಾರಿ ಅವಳ ಕಾಲ ಬುಡದಲ್ಲಿ ಬಿದ್ದ.

“ಇಷ್ಟು ಬೇಗ ಕಾಲಿಗೆ ಬಿದ್ದವನನ್ನು ನಾನು ನೋಡಿಲ್ಲ,” ಎಂದು ಕಾಂತಿಯ ಸೋದರಮಾವ ಸಂಕಪ್ಪ ನಕ್ಕರು. ಹುಡುಗನ ಹಣೆ ಮುಟ್ಟಿದ ಮೇಲೆ ಆ ನಗು ನಿಂತಿತು. ಹಣೆ ಕಾವಲಿಯಂತೆ ಸುಡುತ್ತಿತ್ತು.

ಅರವತ್ತೈದನೆಯ ಇಸವಿಯ ಮಾತು. ಬಂಟ್ವಾಳದಿಂದ ಹೆಣ್ಣು ನೋಡಲು ಬಂದ ಶೇಖರ ಹೀಗೆ ಶಿರ್ತಾಡಿಯ ಆ ಮನೆಯಲ್ಲಿ ರೋಗಿಯಾಗಿ ಮಲಗಿದ. ಅವನ ತಾಯಿ ನೀಲಾವತಿಯೂ ಜೊತೆಗೆ ಉಳಿದರು. ಮೂಡಬಿದ್ರೆಯ ಡಾಕ್ಟರು ಬಂದು, ಇದು ಮೈಕೈ ಮುರಿದಂತೆ ನೋಯಿಸುವ ಡೆಂಗು ಜ್ವರ, ನೀರು ಚೆನ್ನಾಗಿ ಕುಡಿಸಿ ಎಂದು ಹೇಳಿ ಹೋದರು.

ನೀರು ಕುಡಿಸುವ ಕೆಲಸ ಕಾಂತಿಯ ಪಾಲಿಗೆ ಬಂತು.

“ಮೊದಲು ಕೊಟ್ಟದ್ದು ನೆಲದ ಪಾಲಾಯ್ತಲ್ಲ,” ಎಂದ ಶೇಖರ, ಜ್ವರದಲ್ಲೂ.

“ನೆಲ ಒರೆಸಿದವಳು ನಾನೇ.”

“ಅದಕ್ಕೆ ಕೋಪವಾ?”

“ಮೊದಲು ತಂಬಿಗೆ ಖಾಲಿ ಮಾಡಿ. ಆಮೇಲೆ ಹೇಳ್ತೇನೆ.”

ಕೋಪವಂತೆ... ಖಾಲಿ ತಂಬಿಗೆಯನ್ನು ಎದೆಗೆ ಒತ್ತಿಕೊಂಡು ಅಡಿಗೆಮನೆಗೆ ಓಡುವವಳಿಗೆ ಎಲ್ಲಿಯ ಕೋಪ?

ಒಂದು ಬೆಳಿಗ್ಗೆ ಜ್ವರ ಬಿಟ್ಟಿತು. ನೀಲಾವತಿ ದೇವರಿಗೆ ಅಡ್ಡಬಿದ್ದು, ಕಣ್ಣೊರೆಸಿಕೊಂಡು, ಬಚ್ಚಲ ಹಂಡೆಗೆ ಬೆಂಕಿ ಹಾಕಿಸಿದರು.

“ಜ್ವರ ಬಿಟ್ಟವನ ತಲೆಗೆ ನೀರು ಹಾಕದೆ ಹೊಸ್ತಿಲು ದಾಟಿಸುವ ಕ್ರಮ ನಮ್ಮಲ್ಲಿಲ್ಲ. ಮೀಯಿಸಿ, ಊಟ ಮುಗಿಸಿ, ಮದುವೆಯ ಮಾತೂ ಆಡಿಯೇ ಹೋಗುವ.”

ಮನೆಗೆ ಮನೆಯೇ ನಲಿಯಿತು. ಕಾಂತಿ ಗಂಜಿ ತೆಗೆದುಕೊಂಡು ಒಳಗೆ ಹೋದಳು. ಶೇಖರ ಊರಿಗೆ ಹೊರಡುವ ಉತ್ಸಾಹದಲ್ಲಿ ಆಗಲೇ ಕೈಗೆ ವಾಚು ಬಿಗಿದುಕೊಂಡಿದ್ದ. ಆದರೆ ಇಂದು ಅವನ ಬಾಯಲ್ಲಿ ತಮಾಷೆಯಿರಲಿಲ್ಲ.

“ಹೊಟ್ಟೆಯೊಳಗೆ ಹಿಂಡಿದ ಹಾಗೆ ಆಗ್ತದೆ. ಕೂತರೂ ಆಗುವುದಿಲ್ಲ, ಮಲಗಿದರೂ ಆಗುವುದಿಲ್ಲ.”

ಅವನು ವಾಚನ್ನು ಸಡಿಲಿಸಿದ. ಪಟ್ಟಿಯ ಕೆಳಗೆ, ಕುಂಕುಮ ಉದುರಿದಂತೆ ಕೆಂಪು ಚುಕ್ಕೆಗಳು. ಕಾಂತಿ ನಾಚಿಕೆ ಬಿಟ್ಟು ಅವನ ಪಾದ ಮುಟ್ಟಿದಳು. ತಣ್ಣಗಿತ್ತು.

ಅವಳ ಅಣ್ಣ ಭೋಜ... ಹಿಂದಿನ ವರ್ಷ ಅವನಿಗೂ ಜ್ವರ ಬಿಟ್ಟಿತ್ತು. ಇದೇ ಹೊಟ್ಟೆನೋವು, ಇದೇ ಚುಕ್ಕೆಗಳು, ಇದೇ ತಣ್ಣನೆಯ ಪಾದ. ಗುಣವಾಯಿತೆಂದು ಎಲ್ಲರೂ ಸಂತೋಷದಿಂದಲೇ ನೀರು ಹಾಕಿದ್ದರು. ಮಿಂದು ಬಂದು ಮಲಗಿದವನು ಏಳಲಿಲ್ಲ. ಯಾಕೆ ಕರೆದುಕೊಂಡೆ ಎಂದು ದೇವರನ್ನು ಕೇಳಲು ನಾವು ಯಾರು? ಆದರೆ ಆ ದೇವರೇ ತೋರಿಸಿಕೊಟ್ಟ ಗುರುತನ್ನು ಮರೆತರೆ ಮಾತ್ರ ತಪ್ಪು ನಮ್ಮದು.

“ಅಮ್ಮಾ, ಇವರಿಗೆ ನೀರು ಹಾಕುವುದು ಬೇಡ. ಡಾಕ್ಟರ ಹತ್ತಿರ ಹೋಗುವ,” ಎಂದು ಬಾಗಿಲಿಗೆ ಬಂದ ನೀಲಾವತಿಗೆ ಹೇಳಿದಳು.

“ಜ್ವರ ಇರುವಾಗ ಮನೆಯಲ್ಲಿ, ಬಿಟ್ಟ ಮೇಲೆ ಡಾಕ್ಟರಾ? ಎಂಥ ಮಾತು ಮಾರಾಯ್ತಿ! ಏಳು ಮಗ, ನೀರು ಕಾದಿದೆ.”

ಶೇಖರ ಗೋಡೆ ಹಿಡಿದು ಎದ್ದ. ಕಾಂತಿ ಬಚ್ಚಲಿಗೆ ಓಡಿದಳು. ಒಂದು ಕೊಡ ತಣ್ಣೀರೆತ್ತಿ ಉರಿಯುವ ಒಲೆಗೆ ಸುರಿದಳು.

ಹೊಗೆ ಚಾವಡಿಯ ತನಕ ಬಂತು.

“ಹುಡುಗ ಒಪ್ಪಿಗೆ ಇಲ್ಲದಿದ್ದರೆ ಬಾಯಲ್ಲಿ ಹೇಳಬಹುದಿತ್ತು,” ನೀಲಾವತಿಯ ಧ್ವನಿ ಒಡೆಯಿತು. “ಶುಭದ ಒಲೆ ಆರಿಸಬೇಕಿತ್ತಾ?”

ಒಪ್ಪಿಗೆ ಉಂಟು, ಅದಕ್ಕೇ ಆರಿಸಿದ್ದು... ಅದನ್ನು ಹೇಳುತ್ತಾ ನಿಲ್ಲದೆ ಕಾಂತಿ ಸಂಕಪ್ಪನ ಕಡೆ ತಿರುಗಿದಳು.

“ಮಾವ, ಸಲಾಮರ ಬಾಡಿಗೆ ಕಾರು ತರಿಸಿ. ಭೋಜಣ್ಣನ ಕಾಲೂ ಹೀಗೇ ತಣ್ಣಗಾಗಿತ್ತು.”

ಸಂಕಪ್ಪ ಕೂಡಲೇ ಅಂಗಳಕ್ಕೆ ಇಳಿದರು.

ಮೂಡಬಿದ್ರೆಯಲ್ಲಿ ಡಾಕ್ಟರು ನಾಡಿ ಹಿಡಿದರು, ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. “ಒತ್ತಡ ಕುಸೀತಾ ಉಂಟು. ಈ ಜ್ವರದ ಗಂಡಾಂತರ ಇರುವುದೇ ಜ್ವರ ಇಳಿಯುವಾಗ. ರಕ್ತದ ನೀರು ನಾಳದಿಂದ ಹೊರಗೆ ಸೋರ್ತದೆ. ಬಿಸಿನೀರಲ್ಲಿ ನಿಲ್ಲಿಸಿದ್ದರೆ ಅಲ್ಲೇ ಬೀಳ್ತಿದ್ದ.” ಸಲೈನು ಏರಿಸಿ ಮಂಗಳೂರಿನ ಆಸ್ಪತ್ರೆಗೆ ಕಳುಹಿಸಿದರು.

ಸಂಕಪ್ಪ ಒಬ್ಬರೇ ಮರಳಿದರು. “ಜೀವಕ್ಕೆ ಭಯವಿಲ್ಲವಂತೆ ಮಗಳೇ. ಸಂಬಂಧದ ಮಾತು ಅವರು ಎತ್ತಲಿಲ್ಲ. ನಾನೂ ಕೇಳಲಿಲ್ಲ.”

ಒಲೆ ಆರಿಸಿದವಳನ್ನು ಯಾರು ಸೊಸೆ ಮಾಡಿಕೊಳ್ಳುತ್ತಾರೆ? ಕಾಂತಿ ದೇವರ ದೀಪ ಹಚ್ಚಿ ಕೈಮುಗಿದಳು. ಅವರು ಬದುಕಿದರಲ್ಲ, ಅಷ್ಟು ಸಾಕು ಎಂದಳು. ಸಾಕಾಗಿರಲಿಲ್ಲ. ದೇವರಿಗೆ ಅದೂ ಗೊತ್ತಿತ್ತು.

ಕೆಲವು ವಾರಗಳ ಮೇಲೆ ಅಬ್ದುಲ್ ಸಲಾಂ ಅವರ ಕಾರು ಮತ್ತೆ ಅಂಗಳಕ್ಕೆ ಬಂತು. ಮೊದಲು ಇಳಿದವರು ನೀಲಾವತಿ. ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು.

“ಕಾಂತೀ, ನಿನ್ನ ರೋಗಿಯನ್ನು ನೀನೇ ನೋಡು. ಡಾಕ್ಟರು ಮೀಯಬಹುದು ಅಂದು ಎಷ್ಟು ಸಮಯ ಆಯ್ತು! ತಲೆಗೆ ನೀರು ಹಾಕಲಿಕ್ಕೆ ಬಿಡುವುದಿಲ್ಲ.”

“ಹೌದಮ್ಮ,” ಎಂದರು ಸಲಾಂ. “ನಾನು ಗಾಜೆಲ್ಲ ಇಳಿಸಿಯೇ ಗಾಡಿ ಬಿಟ್ಟದ್ದು.”

ಬಡಕಲಾಗಿದ್ದ ಶೇಖರ ಕಾರಿಗೆ ಒರಗಿ ನಿಂತಿದ್ದ. “ಬೇಡ ಅಂದವರೇ ಬೇಕು ಅನ್ನಬೇಕಲ್ಲ?”

ನೀಲಾವತಿ ಕಾಂತಿಯ ಕೈ ಹಿಡಿದುಕೊಂಡರು. “ಅಂದು ನಾನು ತಪ್ಪು ತಿಳಿದೆ ಮಗಳೇ. ನಿನ್ನ ಮುಖ ನೋಡುವ ಧೈರ್ಯ ಬರಲಿಕ್ಕೆ ಇಷ್ಟು ಸಮಯ ಬೇಕಾಯ್ತು. ಈಗಲೂ ಒಪ್ಪಿಗೆ ಇಲ್ಲದಿದ್ದರೆ ಬಾಯಲ್ಲೇ ಹೇಳು.”

ಕಾಂತಿ ಮೆಲ್ಲನೆ ಕೈ ಬಿಡಿಸಿಕೊಂಡು ಒಳಗೆ ನಡೆದಳು. ನೀಲಾವತಿಯ ಮುಖ ಬಾಡಿತು.

ಸ್ವಲ್ಪ ಹೊತ್ತಿನಲ್ಲಿ ಬಚ್ಚಲ ಮಾಡಿನ ಹಂಚುಗಳ ಎಡೆಯಿಂದ ಹೊಗೆ ಎದ್ದಿತು.

“ಉತ್ತರ ಬಂತು,” ಎಂದರು ಸಂಕಪ್ಪ. ನೀಲಾವತಿ ನಗುತ್ತಾ ಅತ್ತರು.

ಶೇಖರ ಬಚ್ಚಲ ಬಾಗಿಲಿಗೆ ಬಂದು ಕೈ ಚಾಚಿದ. ಕಾಂತಿ ಅವನ ವಾಚು ಬಿಚ್ಚಿದಳು. ಚುಕ್ಕೆಯಿಲ್ಲ. ಅಂಗೈ ಬೆಚ್ಚಗಿತ್ತು. ಬಿಡಲು ಮನಸ್ಸಾಗಲಿಲ್ಲ.

“ಈಗ ಮೀಯಬಹುದಾ?”

“ಮೀಯಲೇಬೇಕು.”

“ಬೆಲ್ಲ ನೀರು ಬಾಕಿ ಉಂಟು.”

“ಮಿಂದು ಬನ್ನಿ, ಕೊಡ್ತೇನೆ. ಈ ಸಲ ಬೀಳದೆ ಕುಡಿಯಬೇಕು.”

“ಬಿದ್ದರೆ?”

“ಬಿದ್ದರೆ...” ಕಾಂತಿ ಒಲೆಯ ಕಡೆ ತಿರುಗಿ ಕಟ್ಟಿಗೆ ಮುಂದೆ ತಳ್ಳಿದಳು. “ಎತ್ತಲಿಕ್ಕೆ ಹೆಂಡತಿ ಇರ್ತಾಳಲ್ಲ.”