ಕಲಶದ ಕೊರಳಿನ ಸರ

ಕಳೆದುಹೋದ ಸೂಜಿಯಿಂದ ಹಿಡಿದು ಕಳೆದುಹೋದ ಗಂಡಂದಿರವರೆಗೆ ಆ ಬೀದಿಯಲ್ಲಿ ನರ್ಸಮ್ಮ ಹುಡುಕಿಕೊಡದ ವಸ್ತುವೇ ಇರಲಿಲ್ಲ. ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ಮೇಲೆ ಟೈಲರ್ ಅಂಗಡಿಯ ಸ್ಟೂಲೇ ಆಕೆಯ ಕಚೇರಿ, ಟೈಲರೇ ಬಲಗೈ ಬಂಟ. ಲೋಕದ ಅರ್ಧ ಜನಕ್ಕೆ ತಾನೇ ಅಂಗಿ ಹೊಲಿದಿದ್ದೇನೆಂದು ಟೈಲರ್ ನಂಬಿದ್ದ. ಮಿಕ್ಕರ್ಧದ ಮೈಮೇಲೆ ಇರೋದು ಬಟ್ಟೆಯೇ ಅಲ್ಲವೆಂದು ಮರುಗುತ್ತಿದ್ದ.

ಲಕ್ಷ್ಮಿ ಹಬ್ಬದ ಮಧ್ಯಾಹ್ನ ಎದುರುಮನೆಯ ಕಿರಿ ಸೊಸೆ ಕೂಸನ್ನು ಎತ್ತಿಕೊಂಡು ಬರಿಗಾಲಲ್ಲಿ ಓಡಿಬಂದಳು.

"ನರ್ಸಮ್ಮ, ದೇವಿಗೆ ಹಾಕಿದ್ದ ಸರ ಇಲ್ಲ! ಎಲ್ರೂ ಊಟಕ್ಕೆ ಕೂತಿದ್ರು. ನಾನೊಬ್ಳೇ ದೇವರ ಕೋಣೆ ಪಕ್ಕದ ರೂಮಲ್ಲಿ ಬಾಗಿಲು ಹಾಕ್ಕೊಂಡು ಮಗೂಗೆ ಹಾಲು ಕೊಡ್ತಿದ್ದೆ. ಅತ್ತೆ ಬೀದಿಗೆಲ್ಲ ಕೇಳೋ ಹಾಗೆ ನನ್ನ ಕಳ್ಳಿ ಅಂದ್ರು. ಸಂಜೆ ಕುಂಕುಮಕ್ಕೆ ಜನ ಬರೋದ್ರೊಳಗೆ ಸರ ಸಿಗದಿದ್ರೆ ಮಗು ಎತ್ಕೊಂಡು ತವರಿಗೆ ಹೋಗ್ಬೇಕಂತೆ."

"ನಿನ್ನ ಗಂಡ?"

"ಡ್ಯೂಟಿ ಮೇಲೆ ಹೋಗಿದ್ದಾರೆ. ಫೋನ್ ಸಿಗ್ತಿಲ್ಲ."

ಟೈಲರ್ ಕತ್ತರಿಯನ್ನು ಕತ್ತಿಯಂತೆ ಝಳಪಿಸಿ ಎದ್ದ.

"ಅದನ್ನ ಕೆಳಗಿಡಪ್ಪ," ಎಂದಳು ನರ್ಸಮ್ಮ.

ದೇವರ ಕೋಣೆಯಲ್ಲಿ ಅಕ್ಕಿ ಹರಡಿದ ತಟ್ಟೆಯ ಮೇಲೆ ಕಲಶವಿತ್ತು. ಬೆಳ್ಳಿ ಮುಖ, ರೇಷ್ಮೆ ಸೀರೆ, ತಲೆ ತುಂಬ ಹೂವು. ಕೊರಳು ಮಾತ್ರ ಬೋಳು. ನರ್ಸಮ್ಮ ಕೊರಳನ್ನು ಬಿಟ್ಟು ತಟ್ಟೆಯನ್ನು ನೋಡಿದಳು. ಅಕ್ಕಿಯಲ್ಲಿ ಕಲಶ ಕೂತಿದ್ದ ಗುಳಿಯ ಅಂಚು ಕಾಣುತ್ತಿತ್ತು. ಕಲಶ ಬೆರಳಿನಷ್ಟು ಉತ್ತರಕ್ಕೆ ಸರಿದಿತ್ತು. ಹೂವಿನ ಮೇಲೆ ನಾಲ್ಕು ಕಾಳು ಅಕ್ಷತೆ.

"ತೆಂಗಿನಕಾಯಿಗೆ ಸೀರೆ ಉಡಿಸಿದ್ರೆ ಇನ್ನೇನಾಗುತ್ತೆ?" ಎಂದು ಹಿಂದಿನಿಂದ ನಕ್ಕವನು ಮನೆಯ ಹಿರಿಮಗ, ಕಾಲೇಜು ಮೇಷ್ಟ್ರು. "ತನ್ನ ಸರಾನೇ ಕಾಯ್ಕೊಳ್ಳೋಕಾಗಲ್ಲ, ನಿಮ್ಮನ್ನ ಕಾಯ್ತಾಳಂತೆ!"

ಟೈಲರನ ಕಣ್ಣು ಅವನ ಜುಬ್ಬದ ಮೇಲಿತ್ತು. ತಾನೇ ಹೊಲಿದದ್ದು, ಎಡಗಡೆ ಜೋತುಬಿದ್ದಿತ್ತು!

"ಊಟದ ಮಧ್ಯೆ ಎದ್ದವರ್ಯಾರು?" ನರ್ಸಮ್ಮ ಕೇಳಿದಳು.

"ನಾನು ಬಡಿಸ್ತಾ ಓಡಾಡ್ತಿದ್ದೆ," ಎಂದಳು ಹಿರಿ ಸೊಸೆ. "ಇವರು ಫೋನ್ ಬಂತು ಅಂತ ಎದ್ದು ಕೈ ತೊಳ್ಕೊಂಡ್ರು. ಅತ್ತೆಗೆ ಮಂಡಿನೋವು, ಯಾರಾದ್ರೂ ಹಿಡ್ಕೊಳ್ದೆ ಏಳೋಕಾಗಲ್ಲ."

"ನಾಳೆ ದೇವಿನ ಕಳಿಸಿಕೊಡೋಕೆ ಕಲಶ ಉತ್ತರಕ್ಕೆ ಕದಲಿಸೋರು ಯಾರು?"

"ನಾನೇ, ಬಾಗಿಲು ಹಾಕ್ಕೊಂಡು," ಎಂದಳು ಅತ್ತೆ. "ಸೊಸೇರಿಗೆ ತೋರಿಸಿಲ್ಲ, ತೋರಿಸಿದ್ರೆ ಆಮೇಲೆ ನನ್ನ ಕೇಳೋರ್ಯಾರು? ಚಿಕ್ಕಂದಿನಲ್ಲಿ ಇವನೇ ಕದಲಿಸ್ತಿದ್ದ. 'ಹೋಗಿ ಬಾ ತಾಯಿ' ಅಂದು ಅಕ್ಷತೆ ಹಾಕೋವರೆಗೂ ಒಂದು ಹೂ ಮುಟ್ಟೋಕೆ ಬಿಡ್ತಿರಲಿಲ್ಲ. ಈಗ ನೋಡಿ, ನಾಸ್ತಿಕ!"

ನರ್ಸಮ್ಮ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದಳು. "ಬರೀ ಕಳ್ಳನಾದ್ರೆ ಸರ ಎಳ್ಕೊಂಡು ಓಡ್ತಿದ್ದ. ಇವನು ಅಕ್ಷತೆ ಹಾಕಿ ದೇವಿನ ಮರ್ಯಾದೆಯಾಗಿ ಬೀಳ್ಕೊಟ್ಟು, ಕದಲಿಸಿ, ಆಮೇಲೆ ಒಡವೆ ತೆಗೆದಿದ್ದಾನೆ. ಆ ಕ್ರಮ ಸೊಸೇರಿಗೆ ಗೊತ್ತಿಲ್ಲ. ಗೊತ್ತಿರೋರು ಇಬ್ರೇ. ಒಬ್ರು ತಾವಾಗಿ ಏಳಲಾರರು. ಇನ್ನೊಬ್ರು ಊಟದ ಮಧ್ಯೆ ಎದ್ದು ಕೈ ತೊಳೆದ್ರು, ಎಂಜಲು ಕೈಯಲ್ಲಿ ದೇವರನ್ನ ಮುಟ್ಟಬಾರದಲ್ಲ. ಟೈಲರಪ್ಪ, ಆ ಜುಬ್ಬ ಯಾಕೆ ಜೋತುಬಿದ್ದಿದೆ?"

"ನನ್ನ ಹೊಲಿಗೆ ಭೂಕಂಪಕ್ಕೂ ಜಗ್ಗಲ್ಲ! ಜೇಬಲ್ಲಿ ಭಾರ ಇದೆ."

ಹಿರಿಮಗ ಬಿಳಿಚಿಕೊಂಡ. ಜೇಬಿನಿಂದ ಸರ ಹೊರಬಂತು.

"ಸಂಜೆ ಎಲ್ರ ಮುಂದೆ ತೆಗೆದು ತೋರಿಸಿ, ದೇವಿ ಬರೀ ಕಾಯಿ ಅಂತ ಸಾಬೀತು ಮಾಡೋಣ ಅಂತಿದ್ದೆ. ಅಮ್ಮ ಇವಳ ಮೇಲೆ ಕೂಗಿದ ಮೇಲೆ ಬಾಯೇ ಬರಲಿಲ್ಲ."

"ಮನೆ ಬಿಟ್ಟು ಹೋಗು ಅಂದಾಗ್ಲೂ ಬರಲಿಲ್ವಾ, ಭಾವ?" ಎಂದಳು ಕಿರಿ ಸೊಸೆ.

ಅವನು ಸರವನ್ನು ತಾಯಿಯ ಕೈಗಿಟ್ಟ. "ಕದಲಿಸಿದ್ದು ಯಾಕೋ?" ಎಂದಳು ತಾಯಿ.

"ಗೊತ್ತಿಲ್ಲಮ್ಮ. ಕೈ ತಾನಾಗೇ ಹೋಯ್ತು."

ಅತ್ತೆ ಸರವನ್ನು ಕಿರಿ ಸೊಸೆಯತ್ತ ಚಾಚಿದಳು. "ಇನ್ಮೇಲೆ ಇದು ನಿಂದು, ನೀನೇ ಹಾಕ್ಕೋ."

"ಬೇಡತ್ತೆ. ಕಳ್ಳಿ ಅಂದಿದ್ದು ಬೀದಿಗೆಲ್ಲ ಕೇಳಿದೆ."

ಅಷ್ಟರಲ್ಲಿ ಕುಂಕುಮಕ್ಕೆ ಮೊದಲ ಹೆಂಗಸು ಬಂದಳು. ಅತ್ತೆ ಮಗನ ಭುಜ ಹಿಡಿದೆದ್ದು, ಕುಂಕುಮದ ಬಟ್ಟಲು ತೆಗೆದುಕೊಂಡು ಹೊಸ್ತಿಲಿಗೆ ನಡೆದಳು. "ಕುಂಕುಮ ಆಮೇಲೆ. ನನ್ನ ಸೊಸೆ ಕಳ್ಳಿಯಲ್ಲ. ತೆಗೆದೋನು ನನ್ನ ಮಗ, ತಪ್ಪು ಮಾತಾಡಿದೋಳು ನಾನು." ಎರಡನೆಯವಳಿಗೂ ಅದೇ ಮಾತು. ಮೂರನೆಯವಳ ಹೊತ್ತಿಗೆ ಮುದುಕಿಯ ದನಿಯೂ ಮಂಡಿಯೂ ಒಟ್ಟಿಗೆ ನಡುಗಿದವು. ಬೀದಿಯೇ ಉಸಿರು ಬಿಗಿಹಿಡಿಯಿತೆಂದು ಟೈಲರ್ ಇಂದಿಗೂ ಆಣೆ ಇಡುತ್ತಾನೆ.

ನಾಲ್ಕನೆಯವಳು ಮೆಟ್ಟಿಲೇರುವಾಗ ಕಿರಿ ಸೊಸೆ ಕೂಸನ್ನು ಭಾವನ ತೋಳಿಗೆ ಹಾಕಿ, ಅತ್ತೆಯ ಕೈಯಿಂದ ಕುಂಕುಮದ ಬಟ್ಟಲು ತೆಗೆದುಕೊಂಡಳು.

"ನೀವು ಕೂತ್ಕೊಳಿ ಅತ್ತೆ. ಮಿಕ್ಕವರಿಗೆ ನಾನೇ ಹೇಳ್ತೀನಿ."