ಮೆಕ್ಸಿಕೋದ ಬಿಳಿ ಗೌನು

"ತಪ್ಪರಿ ಅಕ್ಕಾರ!"

ಎಂಟನೇ ತರಗತಿಯ ಹುಡುಗಿಯರೆಲ್ಲ ಒಮ್ಮೆಲೇ ಕಿಟಕಿಯತ್ತ ತಿರುಗಿದರು. ಇಂದುಬಾಯಿಯ ಕೈಯಲ್ಲಿದ್ದ ಸೀಮೆಸುಣ್ಣ ಹಲಗೆಯ ಮೇಲೆಯೇ ನಿಂತಿತು.

೧೯೭೪ರ ಸೆಪ್ಟೆಂಬರ್ ತಿಂಗಳು. ದೇವರ ಹಿಪ್ಪರಗಿಯ ಹೆಣ್ಣುಮಕ್ಕಳ ಶಾಲೆಗೆ ಇತಿಹಾಸ ಕಲಿಸಲು ಅವಳು ಬಂದು ಎರಡು ವರ್ಷವಾಗಿತ್ತು. ಈವರೆಗೆ ಯಾರೂ ಅವಳ ಪಾಠದ ನಡುವೆ ಬಾಯಿ ಹಾಕಿರಲಿಲ್ಲ. "ಸ್ಪೇನಿನವರು ಮೆಕ್ಸಿಕೋ ಗೆದ್ದ ಮೇಲೆ ಅಲ್ಲಿಯ ಹಳೆಯ ದೇವರು, ಹಳೆಯ ಹಬ್ಬ ಎಲ್ಲ ಅಳಿದುಹೋದವು" ಎಂದು ಅವಳು ಹೇಳಿ ಮುಗಿಸಿದ್ದಳು, ಅಷ್ಟೇ.

ಕಿಟಕಿಯಾಚೆ ಎತ್ತರದ ಯುವಕನೊಬ್ಬ ನಿಂತಿದ್ದ. ಹೆಗಲ ಮೇಲೆ ಬೀಜದ ಚೀಲ, ಮೊಣಕಾಲವರೆಗೂ ಎರೆಮಣ್ಣು!

"ಯಾರ್ರಿ ನೀವು?" ಅವಳ ದನಿಯಲ್ಲಿ ಕಿಡಿ ಇತ್ತು.

"ಶ್ರೀಶೈಲಪ್ಪ ಅಂತರಿ, ಸಿಂದಗಿ ಕೃಷಿ ಆಫೀಸಿನಾಂವ. ನಿಮ್ಮ ಸಾಲಿ ಹಿಂದಿನ ಹೊಲದಾಗ ಮೆಕ್ಸಿಕೋ ಗೋದಿ ಬಿತ್ತಾಕ ಬಂದೇನಿ."

"ಹಂಗಾದ್ರ ಗೋದಿ ಬಿತ್ರಿ. ಇತಿಹಾಸ ನಾ ಹೇಳ್ತೇನಿ!"

ಹುಡುಗಿಯರು ಕಿಸಕ್ಕನೆ ನಕ್ಕರು. ಅವನೂ ನಕ್ಕ. ಆದರೆ ಕದಲಲಿಲ್ಲ.

"ಗೋದಿ ಬೆಳಿಯೂದು ಕಲಿಯಾಕ ಸರಕಾರ ನನ್ನ ಹತ್ತು ತಿಂಗಳು ಅಲ್ಲಿಗೇ ಕಳಿಸಿತ್ರಿ. ಕಣ್ಣಾರೆ ನೋಡೇನಿ. ಅಲ್ಲೊಂದು ಗುಡ್ಡ ಐತಿ. ಅದರ ಮ್ಯಾಲೆ ಮೊದಲ ಅವರ ತಾಯಿದೇವರ ಗುಡಿ ಇತ್ತಂತ. ಸ್ಪೇನಿನವರು ಕೆಡವಿದ್ರು. ಮುಂದ ಅದ ಗುಡ್ಡದಾಗ ಮೇರಿ ತಾಯಿ ಕಾಣಿಸಿಕೊಂಡ್ಳು ಅಂತ ಮಂದಿ ನಂಬ್ತಾರ. ಕಪ್ಪು ಬಣ್ಣದಾಕಿ, ಥೇಟ್ ಅವರಂಗ! ಈಗೂ ಮೊಣಕಾಲ ಮ್ಯಾಲೆ ನಡಕೋತ ಹರಕೆ ತೀರಸಾಕ ಬರ್ತಾರ. ಎಲ್ಲಿ ಅಳೀತ್ರಿ ಅಕ್ಕಾರ?"

ಇಂದುಬಾಯಿಗೆ ಸಿಟ್ಟು ಬಂದಿತ್ತು... ಆದರೆ ಆ ಸಿಟ್ಟಿನ ಕೆಳಗೆ ಇನ್ನಷ್ಟು ಕೇಳಬೇಕೆಂಬ ಆಸೆಯೂ ಮಿಸುಕಿತ್ತು.

ಆಮೇಲೆ ಪ್ರತಿ ಶನಿವಾರ ಅವನು ಬಂದ. ಗೋಧಿ ಬಿತ್ತಲು, ನೀರು ಹಾಯಿಸಲು, ಕಳೆ ನೋಡಲು... ಏನಾದರೊಂದು ಕೆಲಸ ಇದ್ದೇ ಇರುತ್ತಿತ್ತು! ಶಾಲೆ ಬಿಟ್ಟ ಮೇಲೆ ಅವಳು ಬಾವಿಯ ಕಟ್ಟೆಗೆ ಹೋಗಿ ಪ್ರಶ್ನೆ ಕೇಳುತ್ತಿದ್ದಳು. ಶಾಲೆಯ ಆಯಾ ಸಾವಂತ್ರವ್ವ ದೂರದಲ್ಲಿ ಕೂತು ಅಡಿಕೆ ಕತ್ತರಿಸುತ್ತ ಇಬ್ಬರನ್ನೂ ನೋಡಿ ಮುಗುಳ್ನಗುತ್ತಿದ್ದಳು.

ನವೆಂಬರಿನ ಮೊದಲ ಶನಿವಾರ ಅವನು ಎಂದಿನಂತೆ ಹರಟಲಿಲ್ಲ.

"ಯಾಕ್ರಿ, ಆರಾಮಿಲ್ಲೇನು?" ಎಂದಳು.

"ಈಗ ಅಲ್ಲಿ ಸತ್ತವರ ಹಬ್ಬ. ನಮ್ಮ ಹಿರ್‍ಯಾರ ಹಬ್ಬದಂಗ. ಮನಿಮನ್ಯಾಗ ಫೋಟೋ ಇಟ್ಟು, ಚೆಂಡು ಹೂವಿನ ರಾಶಿ ಹಾಕಿ, ಸತ್ತವರಿಗೆ ಸೇರೂ ಅಡಿಗಿ ಮಾಡ್ತಾರ." ಅವನು ಸ್ವಲ್ಪ ಹೊತ್ತು ಬಾವಿಯನ್ನೇ ನೋಡಿದ. "ನಾ ಅಲ್ಲಿದ್ದಾಗ ಇಲ್ಲಿ ನಮ್ಮೂರು ಗೊಳಸಂಗ್ಯಾಗ ನಮ್ಮವ್ವ ತೀರಿಕೊಂಡ್ಳು. ಪತ್ರ ಕೈಗೆ ಸಿಗೂದ್ರಾಗ ಮೂರು ವಾರ ಆಗಿತ್ತು... ಮಣ್ಣಿಗೂ ಬರಾಕ ಆಗ್ಲಿಲ್ಲ. ನಾ ಇದ್ದ ಮನಿ ಒಡತಿ ಕೊನ್ಸ್ವೆಲೋ ಅಂತ, ಮುದುಕಿ. ಅಕಿ ತನ್ನ ಸತ್ತ ಮಗನ ಫೋಟೋ ಮಗ್ಗಲಕ್ಕ ನಮ್ಮವ್ವನ ಫೋಟೋನೂ ಇಟ್ಳು. ನಿಮ್ಮವ್ವಗ ಏನು ಸೇರತಿತ್ತು ಅಂತ ಕೇಳಿದ್ಳು. ರೊಟ್ಟಿ ಅಂದೆ. ಮೆಕ್ಕೆಜೋಳದ ಹಿಟ್ಟು ತಟ್ಟಿ ರೊಟ್ಟಿ ಮಾಡಿ ಇಟ್ಳರಿ..."

ಅವನು ಮುಖ ತಿರುಗಿಸಿ ಅಂಗೈಯಿಂದ ಕಣ್ಣೊರೆಸಿಕೊಂಡ. ಇಂದುಬಾಯಿಯ ಕಣ್ಣು ತುಂಬಿ ಬಂದವು. 'ಈ ಮನುಷ್ಯನನ್ನು ಇನ್ನು ಮುಂದೆ ಒಬ್ಬನೇ ಅಳಲು ಬಿಡಬಾರದು' ಎಂದು ಅವಳ ಮನಸ್ಸು ಅವಳಿಗೇ ಹೇಳಿತು. ಅವತ್ತೇ ಅವಳಿಗೆ ಗೊತ್ತಾಯಿತು... ಇದು ಬರೀ ಇತಿಹಾಸದ ಆಸೆಯಲ್ಲ!

ಡಿಸೆಂಬರಿನ ಕೊನೆಗೆ ಶಾಲೆಯ ವಸ್ತುಪ್ರದರ್ಶನ ಬಂತು. ಮೆಕ್ಸಿಕೋದ ಫೋಟೋಗಳ ಲಕೋಟೆಯೊಂದನ್ನು ಅವನು ಅವಳ ಕೈಗಿತ್ತು ಹೋದ. ಕಲ್ಲಿನ ಪಿರಮಿಡ್ಡು, ಚರ್ಚು, ಸಂತೆ... ಒಂದೊಂದಾಗಿ ರಟ್ಟಿನ ಮೇಲೆ ಜೋಡಿಸುತ್ತ ಹೋದವಳ ಕೈ ತಟ್ಟನೆ ನಿಂತಿತು.

ಚರ್ಚಿನ ಮೆಟ್ಟಿಲ ಮೇಲೆ ಶ್ರೀಶೈಲಪ್ಪ. ಕರಿ ಸೂಟು, ಎದೆಗೆ ಹೂವು. ಅವನ ತೋಳು ಹಿಡಿದು ನಿಂತಿದ್ದಾಳೆ ಒಬ್ಬ ಚೆಂದದ ಹುಡುಗಿ. ನೆಲ ಮುಟ್ಟುವ ಬಿಳಿ ಗೌನು, ತಲೆಯ ಮೇಲೆ ಕಿರೀಟ, ಕೈಯಲ್ಲಿ ಹೂಗುಚ್ಛ!

'ಮದುವೆ...! ಅಲ್ಲಿ ಮದುವೆಯಾಗಿದೆ... ಇಲ್ಲಿ ನನ್ನ ಮುಂದೆ ಕಣ್ಣೀರು!'

ಮರುದಿನ ಲಕೋಟೆಯನ್ನು ಅಂಚೆಯಲ್ಲಿ ವಾಪಸು ಕಳಿಸಿದಳು. ಆ ಫೋಟೋ ಒಂದು ಮಾತ್ರ ಯಾಕೋ ಅವಳ ಪುಸ್ತಕದಲ್ಲೇ ಉಳಿಯಿತು. ಶನಿವಾರ ಅವನು ಬಂದಾಗ ತಲೆನೋವೆಂದು ಮನೆ ಸೇರಿದಳು. ಮುಂದಿನ ಶನಿವಾರವೂ ಹಾಗೆಯೇ. ಮುದ್ದೇಬಿಹಾಳದ ವಕೀಲನೊಬ್ಬ ಸಂಕ್ರಾಂತಿ ಕಳೆದ ಮೇಲೆ ನೋಡಲು ಬರುತ್ತಾನೆಂದು ಅಪ್ಪ ಬಸಂತರಾಯರು ಹೇಳಿದಾಗ, "ಬರ್ಲಿ ಬಿಡ್ರಿ" ಎಂದುಬಿಟ್ಟಳು.

ಅವಳ ಬಾಡಿದ ಮುಖ ಸಾವಂತ್ರವ್ವನ ಕಣ್ಣಿಗೆ ಬೀಳದೆ ಇರುತ್ತದೆಯೇ? ಒಂದು ದಿನ ಹಿಡಿದು ಕೂರಿಸಿ ಕೇಳಿದಳು. ಇಂದುಬಾಯಿ ಫೋಟೋ ತೋರಿಸಿ ಅತ್ತಳು.

"ಇದೇನಂತ ಅವನ್ನ ಕೇಳಿದಿ?"

"ಕೇಳೂದೇನೈತಿ? ಕಾಣಸ್ತೈತಲ್ಲ!"

"ಅಯ್ಯ ನನ್ನವ್ವಾ! ನೋಡಲಾರದ ಏನೂ ಹೇಳಬ್ಯಾಡ್ರಿ, ಕೇಳಲಾರದ ಏನೂ ನಂಬಬ್ಯಾಡ್ರಿ ಅಂತ ಹುಡುಗ್ಯಾರಿಗೆ ದಿನಾ ಹೇಳಾಕಿ ನೀನ ಅಲ್ಲೇನು?"

ಆ ಮಾತು ಎದೆಗೆ ನಾಟಿತು. ಸಂಕ್ರಾಂತಿಗೆ ಎರಡೇ ದಿನ ಉಳಿದಿತ್ತು. ಇಂದುಬಾಯಿ ಸಿಂದಗಿ ಬಸ್ಸು ಹತ್ತಿದಳು.

ಅವನು ಊರ ಹೊರಗಿನ ಸರಕಾರಿ ಹೊಲದಲ್ಲಿದ್ದ. ಸೊಂಟದೆತ್ತರದ ಗೋಧಿ ತೆನೆಯ ನಡುವೆ ಅವಳನ್ನು ಕಂಡು ಅವನ ಮುಖ ಅರಳಿ, ಮರುಕ್ಷಣವೇ ಮುದುಡಿತು. ಕೆಲಸದ ಹೆಂಗಸರೆಲ್ಲ ಕುಡಗೋಲು ನಿಲ್ಲಿಸಿ ನೋಡತೊಡಗಿದರು. ನೋಡಿದರೆ ನೋಡಲಿ!

"ಇಕಿ ಯಾರು?" ಎಂದು ಫೋಟೋ ಅವನ ಮುಖದ ಮುಂದೆ ಹಿಡಿದಳು. "ಹೆಂಡ್ತಿ ಅದಾಳ ಅಂತ ಮೊದಲ ಹೇಳಿದ್ರ ನಂದೇನು ಹೋಗತಿತ್ತು?"

"ಹೆಂಡ್ತಿ...?"

ಅವನು ಫೋಟೋ ನೋಡಿದ. ಅವಳನ್ನು ನೋಡಿದ. ಆಮೇಲೆ ಬಿದ್ದುಬಿದ್ದು ನಗತೊಡಗಿದ!

"ನಗಬ್ಯಾಡ್ರಿ!"

"ಇಕಿ ಲುಪೀತಾ. ಕೊನ್ಸ್ವೆಲೋನ ಮೊಮ್ಮಗಳು. ಹದಿನೈದು ವರ್ಷದ ಕೂಸು! ಹುಡುಗಿಗೆ ಹದಿನೈದು ತುಂಬಿದ್ರ ಅಲ್ಲಿ ದೊಡ್ಡ ಹಬ್ಬ ಮಾಡ್ತಾರ. ಬಿಳಿ ಗೌನು ಹಾಕಿ, ಕಿರೀಟ ಇಟ್ಟು, ಚರ್ಚಿನಾಗ ಪೂಜಿ ಮಾಡಿಸಿ, ಊಟ, ಕುಣಿತ... ನಮ್ಮ ಕಡೆ ಮಾಡ್ತಾರಲ್ಲ..." ಅವನ ಕಿವಿ ಕೆಂಪಾದವು, "ಹುಡುಗಿ ದೊಡ್ಡಾಕಿ ಆದ್ರ ಆರತಿ... ಹಂಗ. ಅಪ್ಪ ಕೈ ಹಿಡಕೊಂಡು ಕುಣೀಬೇಕು. ಅಕಿಗೆ ಅಪ್ಪ ಇಲ್ಲ. ಅಪ್ಪನ ಜಾಗಾದಾಗ ಅಣ್ಣನಂಗ ನೀ ನಿಂದ್ರು ಅಂದ್ಳು ಮುದುಕಿ. ಬಾಡಿಗಿ ಸೂಟು ಅದು. ಎರಡು ಸಲ ಆ ಹುಡುಗಿ ಕಾಲು ತುಳದೇನಿ!"

ಇಂದುಬಾಯಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡಳು.

"ಎರಡು ಶನಿವಾರ ತಲಿನೋವು ಅಂದ್ರಿ..." ಅವನ ನಗು ನಿಂತಿತ್ತು. "ನಾ ಏನು ತಪ್ಪು ಮಾಡಿದೆ ಅಂತ ನಿದ್ದಿ ಬರ್ಲಿಲ್ಲ ನನಗ. ಇಂದೂ... ಅಲ್ಲಿ ಹತ್ತು ತಿಂಗಳು ನಮ್ಮೂರು ಬೇಕು ಅನ್ನಿಸತಿತ್ತು. ಇಲ್ಲಿಗೆ ಬಂದ ಮ್ಯಾಲೆ ಶನಿವಾರ ಬೇಕು ಅನ್ನಸಾಕತ್ತೈತಿ. ಬರೀ ಶನಿವಾರ ಸಾಲೂದಿಲ್ಲ ನನಗ."

ಅವಳು ಪಕ್ಕದ ತೆನೆಯೊಂದನ್ನು ಬೆರಳಲ್ಲಿ ಸವರಿದಳು. "ಮುದ್ದೇಬಿಹಾಳದವರು ಬರಾಕತ್ತಾರ..."

"ಅವರಿಗಿಂತ ಮೊದಲ ನಾ ಬರ್ತೇನಿ. ನಾಳೆ. ಬರಲೇನು?"

ಅವಳು ಮೆಲ್ಲಗೆ ತಲೆಯಾಡಿಸಿದಳು. ಕೆಲಸದ ಹೆಂಗಸರು "ಹೋ!" ಎಂದು ಕೂಗಿದರು.

ಮರುದಿನ ಬಸಂತರಾಯರು ಅವನನ್ನು ಎದುರಿಗೆ ಕೂರಿಸಿಕೊಂಡು ಎರಡು ತಾಸು ವಿಚಾರಿಸಿದರು. ಮಗಳು ತಾನಾಗಿಯೇ ಪಡಸಾಲೆಗೆ ಬಂದು, "ಅಪ್ಪಾ, ನನಗ ಇವರ ಬೇಕು" ಎಂದಾಗ ಅವರು ಚಹಾದ ಕಪ್ಪು ಕೆಳಗಿಟ್ಟರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಆ ದೇಶದಾಗ ಖರೇನ ಯಾರೂ ಇಲ್ಲೇನಪ?"

"ಒಬ್ಬ ಅವ್ವ, ಒಬ್ಬ ತಂಗಿ ಅದಾರ್ರಿ."

ಮುದುಕರು ನಕ್ಕರು. "ಹಂಗಾದ್ರ ಅವರಿಗೂ ಲಗ್ನದ ಕಾಗದ ಹಾಕು. ಮುದ್ದೇಬಿಹಾಳಕ್ಕ ನಾ ಹಾಕ್ತೇನಿ."

ಅವತ್ತೇ ಸಂಜೆ ಪಡಸಾಲೆಯಲ್ಲಿ ಶ್ರೀಶೈಲಪ್ಪ ಕೊನ್ಸ್ವೆಲೋಗೆ ಪತ್ರ ಬರೆಯಲು ಕೂತ. ಇಂದುಬಾಯಿ ಪಕ್ಕದಲ್ಲಿ ಕೂತು ಆ ಅರಿಯದ ಭಾಷೆಯ ಸಾಲುಗಳನ್ನು ನೋಡುತ್ತಿದ್ದಳು.

"ನನ್ನ ಕಡಿಂದನೂ ಒಂದು ಮಾತು ಬರೀರಿ."

"ಏನಂತ?"

"ನಿಮ್ಮ ಮಗ ಪಾಠದ ನಡಕ ಬಾಯಿ ಹಾಕ್ತಾನ ಅಂತ."

"ಅದು ಅಕಿಗೂ ಗೊತ್ತೈತಿ!"

ಅವಳು ನಕ್ಕಳು. ಆಮೇಲೆ ಅವನಿಗಷ್ಟೇ ಕೇಳುವಂತೆ ಹೇಳಿದಳು, "ಹಂಗಾದ್ರ... ಇನ್ನ ಮುಂದ ನಿಮ್ಮ ಮಗನ್ನ ನಾ ನೋಡ್ಕೋತೇನಿ, ನೀವು ಚಿಂತಿ ಮಾಡಬ್ಯಾಡ್ರಿ ಅಂತ ಬರೀರಿ."

ಅವನ ಲೇಖನಿ ನಿಂತಿತು.

"ಯಾಕ್ರಿ? ಆ ಭಾಷಾದಾಗ ಹೇಳಾಕ ಬರೂದಿಲ್ಲೇನು?"

"ಬರತೈತಿ..." ಅವನು ಕಣ್ಣೊರೆಸಿಕೊಂಡು ನಕ್ಕ. "ಸ್ವಲ್ಪ ತಡೀರಿ. ಅಕ್ಷರ ಕಾಣವಲ್ವು."