ಲಂಕೆಯ ಮಗುವಿನ ಮುಡಿ

೨೦೦೯ರ ಫೆಬ್ರವರಿಯ ಒಂದು ಶುಕ್ರವಾರ, ಬೆಳಿಗ್ಗೆ ಹನ್ನೊಂದಕ್ಕೆ ಚಿಕ್ಕಬಳ್ಳಾಪುರದ ಪೊಲೀಸ್ ಠಾಣೆಗೆ ದೂರು ಬಂತು. ಬಂತು ಅನ್ನುವುದಕ್ಕಿಂತ ಓಡಿ ಬಂತು ಅನ್ನಬೇಕು. ಕಾರಿನಿಂದಿಳಿದ ಫ್ರೆಂಚ್ ಹೆಂಗಸು, ಒಂದು ಕಾಲಿನ ಚಪ್ಪಲಿ ಕಳಚಿದ್ದೂ ಗೊತ್ತಾಗದೆ ಒಳಗೆ ನುಗ್ಗಿ, ಸಬ್ ಇನ್ಸ್‌ಪೆಕ್ಟರ್ ಗೌತಮಿಯ ಮೇಜಿನ ಮೇಲೆ ಒಂದು ಫೋಟೊ ಇಟ್ಟಳು. ಮೂರೂವರೆ ವರ್ಷದ ಗಂಡುಮಗು, ಹೆಸರು ಲೂಕಾ. ಹೊಂಬಣ್ಣದ ಗುಂಗುರು ಕೂದಲು ಭುಜದವರೆಗೆ ಇಳಿಬಿದ್ದಿತ್ತು.

ಹೆಂಗಸಿನ ಹೆಸರು ಕ್ಲೇರ್. ಅವಳ ಹಿಂದೆಯೇ ಬಂದವನು ಸುನೀಲ್, ಪೆರೇಸಂದ್ರದ ಹತ್ತಿರದ ‘ಲೇಕ್ ಐಲ್ಯಾಂಡ್’ ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಮಾತು ಅವನೇ ಶುರುಮಾಡಿದ.

“ಆಯಾ ಮಂಗಮ್ಮ ಮಗೂನ ಎತ್ಕೊಂಡು ಹೋಗಿದಾಳೆ ಮೇಡಂ. ಇವತ್ತು ರಾತ್ರಿ ಇವ್ರ ಫ್ಲೈಟು. ಇದೇನೋ ದೊಡ್ಡ ಗ್ಯಾಂಗೇ ಇರ್ಬೇಕು.”

“ಯಾವಾಗ ಗೊತ್ತಾಯ್ತು?”

“ಎಂಟಕ್ಕೆ ಇವ್ರು ಬೆಂಗಳೂರಿಗೆ ಹೊರಟ್ರು. ಎರಡು ಗಂಟೆಗೆ ಬರ್ಬೇಕಿತ್ತು. ದಾರೀಲಿ ಪಾಸ್‌ಪೋರ್ಟ್ ಮರ್ತಿದ್ದು ಜ್ಞಾಪಕ ಬಂದು ವಾಪಸ್ ಬಂದ್ರೆ ಮನೆ ಖಾಲಿ.”

“ಮಂಗಮ್ಮನ ಫೋನು?”

“ಅಡುಗೆಮನೇಲಿ ಬಿದ್ದಿದೆ. ಬೇಕಂತ್ಲೇ ಬಿಟ್ಟೋಗಿದಾಳೆ.”

ಗೌತಮಿ ಅಪಹರಣದ ಕಲಂ ೩೬೩ರ ಕೆಳಗೆ ಎಫ್‌ಐಆರ್ ದಾಖಲಿಸಿದಳು. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಠಾಣೆಗಳಿಗೆ ವೈರ್‌ಲೆಸ್‌ನಲ್ಲಿ ಮಗುವಿನ ಗುರುತು ಹೋಯಿತು. ಹೆಡ್ ಕಾನ್‌ಸ್ಟೆಬಲ್ ಮೆಹಬೂಬ್ ಪಾಷಾ ಜೀಪು ತೆಗೆದ.

ಆ ಬಡಾವಣೆಯನ್ನು ಸುತ್ತಲ ಹಳ್ಳಿಯವರು ಲಂಕೆ ಅಂತಲೇ ಕರೆಯುವುದು. ಕರೆಯದೆ ಏನು ಮಾಡಿಯಾರು! ದ್ರಾಕ್ಷಿ ತೋಟ ಕಿತ್ತು, ಸುತ್ತಲೂ ಹಳ್ಳ ತೋಡಿ ನೀರು ತುಂಬಿಸಿ, ನಡುಗಡ್ಡೆಯ ಮೇಲೆ ನಲವತ್ತು ಬಂಗಲೆ ಕಟ್ಟಿ, ಹೋಗಿಬರಲು ಒಂದೇ ಒಂದು ಸೇತುವೆ ಬಿಟ್ಟಿದ್ದರು. ಮೊದಮೊದಲು ಅಲ್ಲಿ ಫ್ರೆಂಚರು, ಜರ್ಮನರು, ಸ್ವೀಡನ್ನಿನವರೇ ತುಂಬಿದ್ದರು. ಹಿಂದಿನ ವರ್ಷ ಅವರ ಕಂಪನಿಗಳು ಮುಗ್ಗರಿಸಿದ್ದೇ ತಡ, ಒಂದೊಂದೇ ಮನೆ ಖಾಲಿಯಾಯಿತು. ಆ ಜಾಗಕ್ಕೆ ದುಬೈ, ಸಿಂಗಪುರದಿಂದ ವಾಪಸಾದ ಸುನೀಲನಂಥ ನಮ್ಮವರೇ ಬಂದರು. ಬರುವಾಗ ಬೆಂಗಳೂರಿನ ಏಜೆನ್ಸಿಯಿಂದ ಆಯಾಗಳನ್ನೂ ಕರೆತಂದರು. ದೊರೆಸಾನಿಯರು ಹೊರಟಂತೆಲ್ಲ ಮಂಗಮ್ಮನಂಥವರೂ ಗಂಟುಮೂಟೆ ಕಟ್ಟಬೇಕಾಯಿತು. ಕ್ಲೇರಳ ಗಂಡ ತಿಂಗಳ ಹಿಂದೆಯೇ ಶಾಂಘೈ ಸೇರಿದ್ದ.

ಸೇತುವೆಯ ಗೇಟಿನಲ್ಲಿ ಕಾವಲುಗಾರ ಮುನಿಶಾಮಿ ಆಗಲೇ ಬೆವೆತು ನಿಂತಿದ್ದ.

“ಮಂಗಮ್ಮ ಹೋಗ್ವಾಗ ಏನ್ ನೋಡ್ದೆ?”

“ಚೀಲ ನೋಡ್ದೆ ಮೇಡಂ. ಕೆಲಸದೋರ ಚೀಲ ನೋಡದೇ ಬಿಡ್ಬಾರ್ದು ಅಂತ ರೂಲ್ಸು. ತೆಂಗಿನಕಾಯಿ, ಬಾಳೆಹಣ್ಣು, ಮಗೂದೊಂದು ಸ್ವೆಟರು.”

“ಮಗು?”

“ಸೊಂಟದ ಮೇಲಿತ್ತು.” ಮುನಿಶಾಮಿ ತಲೆ ತಗ್ಗಿಸಿದ. “ಚೀಲ ನೋಡು ಅಂದಿದ್ರು. ಮಗೂನ ನೋಡು ಅಂತ ಯಾರೂ ಅಂದಿರ್ಲಿಲ್ಲ. ಹುಟ್ಟಿದಾಗ್ಲಿಂದ ಅವಳ ಸೊಂಟದ ಮೇಲೇ ಇರೋ ಮಗು ಅಲ್ವಾ ಅದು?”

ಗೌತಮಿಗೆ ನಗುವೂ ಬಂತು, ಮೈಯೂ ಉರಿಯಿತು. ಕೆಲಸದವರ ಚೀಲದಲ್ಲಿ ಎರಡು ಈರುಳ್ಳಿ ಹೋದೀತೆಂದು ಹೆದರುವ ಜನ, ಮಗುವಿಗೊಂದು ರೂಲ್ಸು ಮಾಡಿರಲಿಲ್ಲ.

ಮನೆಯೊಳಗೆ ರಟ್ಟಿನ ಪೆಟ್ಟಿಗೆಗಳು ಮಾಡಿನವರೆಗೆ ಪೇರಿಸಿದ್ದವು. ಸಾಕ್ಷಿಗೆ ಪಂಚರನ್ನು ನಿಲ್ಲಿಸಿಕೊಂಡು ಒಂದೊಂದೇ ಕೋಣೆ ನೋಡಿದರು. ಯಾವ ಬೀರುವೂ ಮುರಿದಿಲ್ಲ, ಏನೂ ಕಳುವಾಗಿಲ್ಲ. ಅಡುಗೆಮನೆಯ ಹಿಂದೆ ಮಂಗಮ್ಮನ ಪುಟ್ಟ ಕೋಣೆ. ಅಲ್ಲಿ ಪಾಷಾ ಗೋಡೆಯ ಮೊಳೆಯೊಂದರ ಮುಂದೆ ನಿಂತುಬಿಟ್ಟ.

“ಮೇಡಂ, ಇಲ್ಲೇನೋ ತೂಗುಹಾಕಿತ್ತು. ಕೆಳಗೆ ಅರಿಶಿನದ ಕಲೆ ನೋಡಿ.”

ನಿಂಬೆಹಣ್ಣಿನ ಗಾತ್ರದ ಹಳದಿ ಕಲೆ. ಗೌತಮಿಯ ಅಪ್ಪ ಬೌದ್ಧ ಧಮ್ಮ ಸ್ವೀಕರಿಸಿದ ಮೇಲೆ ಮನೆಯಲ್ಲಿ ಹರಕೆಗಿರಕೆ ಎಲ್ಲ ಬಂದಾಗಿತ್ತು. ಆದರೆ ಅಜ್ಜಿ ಮಾತ್ರ ಮೊಮ್ಮಕ್ಕಳಿಗೆ ಮೈ ಬಿಸಿಯಾದರೆ ಸಾಕು, ಅಪ್ಪನ ಕಣ್ಣು ತಪ್ಪಿಸಿ ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರಿಗೆಂದು ಮುಡಿಪು ಇಡುತ್ತಿದ್ದಳು. ಕಲೆ ಕಂಡದ್ದೇ ಅಜ್ಜಿ ಜ್ಞಾಪಕಕ್ಕೆ ಬಂದಳು.

ಅವಳು ಕ್ಲೇರಳನ್ನು ಇಂಗ್ಲಿಷಿನಲ್ಲಿ ಕೇಳಿದಳು. “ಇಲ್ಲೊಂದು ಹಳದಿ ಗಂಟು ಇತ್ತಾ? ಯಾವಾಗಿನಿಂದ?”

“ಎರಡು ವರ್ಷದಿಂದ. ಲೂಕಾಗೆ ಡೆಂಗ್ಯೂ ಬಂದು ಆಸ್ಪತ್ರೆಯಲ್ಲಿದ್ದಾಗಿನಿಂದ. ಏನೋ ಔಷಧಿ ಅಂದುಕೊಂಡಿದ್ದೆ.”

“ಈಚೆಗೆ ಮಂಗಮ್ಮ ನಿಮ್ಮನ್ನು ಏನಾದರೂ ಕೇಳಿದಳಾ?”

ಕ್ಲೇರ್ ಮುಖ ಒರೆಸಿಕೊಂಡಳು. “ಕೂದಲು. ದಿನಾ ಮಗುವಿನ ತಲೆ ಮುಟ್ಟಿ, ಕತ್ತರಿಯ ಹಾಗೆ ಬೆರಳಾಡಿಸಿ ತೋರಿಸುತ್ತಿದ್ದಳು. ಸೆಖೆಗೆ ಹೇಳುತ್ತಾಳೆ ಅಂದುಕೊಂಡೆ. ಆ ಗುಂಗುರು ನನಗಿಷ್ಟ. ನಕ್ಕು, ಬೇಡ ಅಂದೆ.”

“ಮುಡಿ,” ಎಂದ ಪಾಷಾ ಮೆಲ್ಲಗೆ.

ಮಂಗಮ್ಮನ ತವರು ಅಂಬಾಜಿದುರ್ಗದ ತಪ್ಪಲಲ್ಲಿ, ಊರಾಚೆ ಒಂದು ಗಂಗಮ್ಮನ ಗುಡಿ ಇದೆ ಎಂದು ಮುನಿಶಾಮಿ ಹೇಳಿದ. ಸುನೀಲನಿಗೆ ಇದೆಲ್ಲ ಹಿಡಿಸಲಿಲ್ಲ. “ನೀವು ಗುಡಿ ಸುತ್ತೋದ್ರೊಳಗೆ ಅವಳು ಆಂಧ್ರಕ್ಕೆ ಹಾರಿರ್ತಾಳೆ ಮೇಡಂ,” ಎಂದ.

ಶಿಡ್ಲಘಟ್ಟ ದಾಟುವವರೆಗೂ ಆ ಮಾತು ಗೌತಮಿಯ ಎದೆಯಲ್ಲಿ ಕುಟ್ಟುತ್ತಲೇ ಇತ್ತು. ಅರಿಶಿನದ ಕಲೆ ನೋಡಿ ಹೊರಟವಳು ತಾನು. ಊಹೆ ತಪ್ಪಿದರೆ ಮಗು ಗಡಿಯಾಚೆ. ಆಮೇಲೆ ಆ ತಾಯಿಗೆ ಯಾವ ಮುಖ ತೋರಿಸುವುದು?

ಒಂದೂವರೆಗೆ ಗುಡಿ ಮುಟ್ಟಿದರು. ಹುಣಸೆಮರದ ನೆರಳಲ್ಲಿ ಹಜಾಮ ಆವುಲಪ್ಪ ಕತ್ತಿ ಒರೆಸುತ್ತಿದ್ದ. ಅವನೆದುರು ಚಕ್ಕಳಮಕ್ಕಳ ಹಾಕಿ ಕೂತ ಮಂಗಮ್ಮ, ಅವಳ ಮಡಿಲಲ್ಲಿ ತಲೆ ತುಂಬ ಗಂಧ ಬಳಿದುಕೊಂಡ ಬೋಳುಗುಂಡು. ಮಗು ಬಾಯ್ತುಂಬ ಕಡ್ಲೆಪುರಿ ಮುಕ್ಕುತ್ತಾ, ತಲೆ ತಟ್ಟಿಕೊಂಡು “ಗುಂಡು! ಗುಂಡು!” ಎಂದು ಕೇಕೆ ಹಾಕುತ್ತಿತ್ತು. ಗೌತಮಿಗೆ ಹೋದ ಜೀವ ಬಂದಂತಾಯಿತು.

ಮಂಗಮ್ಮ ಖಾಕಿ ನೋಡಿ ಎದ್ದಳು, ಓಡಲಿಲ್ಲ.

“ಅಯ್ಯೋ ದೇವುಡಾ! ಅಮ್ಮ ಆಗ್ಲೇ ಬಂದ್ಬಿಟ್ರಾ? ಒಂದು ಗಂಟೆಗೆಲ್ಲ ಮನೇಲಿರ್ತಿದ್ದೆ ತಾಯಿ. ಈ ಆವುಲಪ್ಪ ಮದ್ವೆಮನೆಗೆ ಹೋಗಿ ಕೂತ್ಬಿಟ್ಟಿದ್ದ.”

“ಹೆತ್ತೋಳಿಗೆ ಹೇಳ್ದೆ ಮಗೂನ ತರಬೋದೇನಮ್ಮ?”

“ಕೇಳ್ದೆ ಕಣಮ್ಮ. ಕೈಸನ್ನೇಲಿ ಕೇಳ್ದೆ, ಬಾಯಲ್ಲಿ ಕೇಳ್ದೆ. ಅವ್ರಿಗೆ ನಗು.” ಅವಳ ಕಣ್ಣು ತುಂಬಿತು. “ಆಸ್ಪತ್ರೇಲಿ ಡಾಕ್ಟ್ರೇ ಕೈಚೆಲ್ಲಿದ್ರು. ಉಳಿಸ್ಕೊಡು, ಇವನ ಮುಡಿ ನಿಂಗೆ ಅಂತ ಗಂಗಮ್ಮಂಗೆ ಮಾತು ಕೊಟ್ಟೋಳು ನಾನು. ಕೊಟ್ಟ ಮಾತು ಬಾಕಿ ಇಟ್ಕೊಂಡು ಮಗು ಸಮುದ್ರ ದಾಟಿದ್ರೆ, ಅಲ್ಲಿ ಜ್ವರ ಬಂದಾಗ ಈ ಗಂಗಮ್ಮ ಯಾಕೆ ನೋಡ್ತಾಳೆ? ಅಲ್ಲಿ ನಾನೂ ಇರಲ್ಲ.”

ಪಾಷಾ ಪಂಚನಾಮೆಗೆ ಕಾಗದ ತೆಗೆದ. ಮಂಗಮ್ಮನ ಸೆರಗಿನಲ್ಲಿ ಹೊಂಬಣ್ಣದ ಕೂದಲಿತ್ತು. ಪಂಚನಾಮೆ ಶುರುವಾಯಿತೆಂದರೆ ಅದನ್ನೂ ವಶಪಡಿಸಿಕೊಂಡು, ಅರಗು ಹಾಕಿ, ಕೋರ್ಟಿಗೆ ಒಪ್ಪಿಸಬೇಕು. ಮಂಗಮ್ಮನಿಗೆ ಅದು ಹೇಗೆ ಹೊಳೆಯಿತೋ, ಸೆರಗನ್ನು ಎದೆಗೆ ಒತ್ತಿ ಹಿಡಿದಳು.

“ನನ್ನ ಎಲ್ಲಿಗಾದ್ರೂ ಕರ್ಕೊಂಡೋಗಿ ತಾಯಿ. ಇದು ಮಾತ್ರ ಗಂಗಮ್ಮನ ನೀರಿಗೆ ಬೀಳ್ಬೇಕು. ಇಲ್ದಿದ್ರೆ ಹರಕೆ ತೀರಲ್ಲ.”

ಗೌತಮಿಗೆ ಹರಕೆಯಲ್ಲಿ ನಂಬಿಕೆ ಇರಲಿಲ್ಲ. ಕಾನೂನಿನಲ್ಲಿ ಇತ್ತು. ಗುಡಿಯ ಕಲ್ಯಾಣಿಯನ್ನೊಮ್ಮೆ, ಮಗುವನ್ನೊಮ್ಮೆ ನೋಡಿದಳು.

“ಪಾಷಾ, ಮೊದಲು ನೀರು ಕುಡೀರಿ. ನಾನು ಹೇಳೋವರ್ಗೂ ಪಂಚನಾಮೆ ಬೇಡ.”

ಪಾಷಾ ಬೆನ್ನು ತಿರುಗಿಸಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೀರು ಕುಡಿದ. ಮಂಗಮ್ಮ ಮೆಟ್ಟಿಲಿಳಿದು ಸೆರಗು ಬಿಚ್ಚಿದಳು. ಕೂದಲು ನೀರಿನ ಮೇಲೆ ಹರಡಿ ಮೆಲ್ಲಗೆ ಮುಳುಗಿತು. ‘ಕೂದಲನ್ನು ಕಲ್ಯಾಣಿಗೆ ಬಿಡಲಾಗಿದೆ’ ಎಂದು ಆಮೇಲೆ ಬರೆಸಿದ್ದು ಅಕ್ಷರಶಃ ನಿಜವೇ ಆಗಿತ್ತು. ಎರಡು ಗಂಟೆಗೆ ಗೌತಮಿ ಅವಳನ್ನು ಬಂಧಿಸಿದಳು. ಮಗು ಜೀಪಿನಲ್ಲಿ ಮಂಗಮ್ಮನ ಮಡಿಲಲ್ಲೇ ನಿದ್ದೆಹೋಯಿತು.

ಠಾಣೆಯಲ್ಲಿ ಕ್ಲೇರ್ ಮಗುವನ್ನು ಕಿತ್ತುಕೊಂಡು, ಬೋಳುತಲೆ ನೋಡಿ ಚೀರಿದಳು. ಮಂಗಮ್ಮ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಗೌತಮಿ ಮುಡಿಪಿನಿಂದ ಹಿಡಿದು ಎಲ್ಲವನ್ನೂ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಕ್ಲೇರ್ ಬೆಂಚಿನ ಕಡೆ ತಿರುಗಿ ಮಂಗಮ್ಮನನ್ನು ನೋಡಿದಳು. ಆಮೇಲೆ, “ದೂರು ವಾಪಸ್ ತಗೊಳ್ತೀನಿ,” ಎಂದಳು.

“ನೀವು ಬೇಡ ಅಂದ ಮಾತ್ರಕ್ಕೆ ಕೇಸು ಮುಗಿಯೋದಿಲ್ಲ. ನಿಮ್ಮ ಹೇಳಿಕೆ ಬರೆದುಕೊಡಿ, ಕೋರ್ಟು ನೋಡುತ್ತೆ. ಜಾಮೀನು ಇವತ್ತೇ ಸಿಗುತ್ತೆ.”

ಜಾಮೀನಿಗೆ ರುಜು ಹಾಕಲು ಮುನಿಶಾಮಿ ಆಗಲೇ ಹೊರಗೆ ಕಾದಿದ್ದ. ಹೇಳಿಕೆ ಕೊಟ್ಟು ಏಳುವಾಗ ಕ್ಲೇರ್ ಕರವಸ್ತ್ರ ಒದ್ದೆಮಾಡಿ ಮಗುವಿನ ತಲೆಯ ಗಂಧ ಒರೆಸಹೋದಳು. ಮಂಗಮ್ಮ ತಟ್ಟನೆ ಎದ್ದು ನಿಂತಳು.

“ಅಮ್ಮಾ, ನೋ! ಟುಡೇ ನೋ. ನಾಳೆ ತಲೆಗೆ ನೀರು ಹಾಕಿ. ಬಿಸಿನೀರು.”

ಗೌತಮಿ ಅದನ್ನೂ ಅನುವಾದಿಸಿದಳು. ನಾಳೆ ಅಂದರೆ ಶಾಂಘೈ. ಕ್ಲೇರ್ ಕರವಸ್ತ್ರ ಮಡಿಚಿ ಚೀಲಕ್ಕೆ ಹಾಕಿದಳು, ಬೆಂಚಿನ ಬಳಿ ಬಂದು ಮಗುವನ್ನು ಕೊನೆಯ ಸಲ ಮಂಗಮ್ಮನ ಸೊಂಟಕ್ಕೆ ದಾಟಿಸಿದಳು. ಠಾಣೆಯಲ್ಲಿ ಯಾರೂ ಅವಸರ ಮಾಡಲಿಲ್ಲ.

ಕಾರು ಹೋದ ಮೇಲೆ ಗೌತಮಿ ಕೇಸ್ ಡೈರಿ ತೆಗೆದಳು. ಕೃತ್ಯದ ಉದ್ದೇಶವೇನೆಂದು ಬರೆಯಬೇಕಿತ್ತು. ದ್ವೇಷವಿಲ್ಲ, ದುರಾಸೆಯಿಲ್ಲ. ‘ತಾನಿಲ್ಲದ ಊರಿನಲ್ಲಿ ಮಗು ಚೆನ್ನಾಗಿರಲೆಂದು’ ಎಂದು ಬರೆದು ರುಜು ಹಾಕಿದಳು.